ನೀಲಗಾರರ ತಂಬೂರಿಯೂ ವಿಶ್ವವಿದ್ಯಾನಿಲಯದ ಬಾಗಿಲೂ

ಮದ್ದೂರು ತಾಲ್ಲೂಕಿನ ನಿಡಘಟ್ಟ ಬೆಂಗಳೂರು–ಮೈಸೂರು ರಸ್ತೆಯ ಊರು. ಮಳವಳ್ಳಿ ತಾಲ್ಲೂಕಿನ ಹಲಗೂರು ಕನಕಪುರದ ದಾರಿಯ ಮೇಲಿದೆ. ಬಸ್ಸಿನಲ್ಲಿ ಹೋಗುವವರಿಗೆ ಇವು ನಿಲ್ದಾಣದ ಹೆಸರುಗಳು ಮಾತ್ರ. ನೀಲಗಾರರ ಬಾಯಲ್ಲಿ ಇವೇ ಒಂದು ಮಹಾಕಾವ್ಯದ ರಂಗಸ್ಥಳಗಳು. ನಿಡಘಟ್ಟದ ಆಚಾರಿಯ ಮಗ ಕೆಂಪಣ್ಣನನ್ನು ಮಂಟೇಸ್ವಾಮಿ ಶಿಶುಮಗನನ್ನಾಗಿ ಪಡೆದು ಸಿದ್ದಪ್ಪಾಜಿಯನ್ನಾಗಿ ಮಾಡಿದನು. ಆ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋದದ್ದು ಹಲಗೂರಿನ ಪಾಂಚಾಳರ ಬಾಗಿಲಿಗೆ. ಮಂಟೇಸ್ವಾಮಿಯ ಗದ್ದುಗೆಯಿರುವ ಬೊಪ್ಪೇಗೌಡನಪುರವೂ ಮಳವಳ್ಳಿ ಸೀಮೆಯದೇ.

ಈ ಕಥೆಯನ್ನು ರಾತ್ರಿಗಟ್ಟಲೆ ಹಾಡುವ ನೀಲಗಾರರಲ್ಲಿ ಹೆಚ್ಚಿನವರು ಸಮಾಜವು ಊರಾಚೆಗೆ ಇಟ್ಟಿದ್ದ ಕುಲದವರು. ಆದರೂ ದೀಕ್ಷೆ ಒಂದೇ ಕುಲಕ್ಕೆ ಮೀಸಲಲ್ಲ. ಬೇರೆ ಬೇರೆ ಜಾತಿಯವರೂ ನೀಲಗಾರರಾಗಿದ್ದಾರೆ. ತಂಬೂರಿ ಮೀಟುತ್ತ, ಗಗ್ಗರ ಕುಲುಕುತ್ತ, ಡಕ್ಕೆಯ ಗತಿಗೆ ಹಿಮ್ಮೇಳದವರನ್ನು ಹೊಂದಿಸಿಕೊಳ್ಳುತ್ತ, ಹಾಡಿನಿಂದ ಮಾತಿಗೂ ಮಾತಿನಿಂದ ಹಾಡಿಗೂ ಇಳಿದೇರುವ ಈ ವಿದ್ಯೆ ಗುರುವಿನ ಬಳಿ ವರ್ಷಗಟ್ಟಲೆ ಕುಳಿತು ಕಲಿಯಬೇಕಾದದ್ದು. ಇದಕ್ಕೆ ಪಾಠಶಾಲೆಯ ಹೆಸರಿಲ್ಲದಿದ್ದರೂ ಪಾಠಕ್ರಮವಿದೆ.

ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪಿತವಾದಾಗ ಮಂಡ್ಯ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, ಅದಾದದ್ದು 1939ರಲ್ಲಿ. ವೀಣೆ ಶೇಷಣ್ಣ, ವಾಸುದೇವಾಚಾರ್ಯರಂಥ ಮಹನೀಯರನ್ನು ಪೋಷಿಸಿದ ಅರಮನೆಯ ಪರಂಪರೆಯೇ ನಮಗೆ ‘ಸಂಗೀತ’ವಾಯಿತು. ಆ ಸಂಪತ್ತನ್ನು ಹಗುರವಾಗಿ ಕಾಣುವವನು ಮೂಢ. ಆದರೆ 1960ರ ದಶಕದಲ್ಲಿ ಒಂದು ವಿಭಾಗಕ್ರಮ ನಡೆದುಹೋಯಿತು. 1965ರಲ್ಲಿ ಲಲಿತಕಲೆಗಳ ಕಾಲೇಜು ಬಂದಿತು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ. ನಾಗಮಂಗಲ ಸೀಮೆಯವರೇ ಆದ ಜೀ. ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಊರೂರು ಅಲೆದು ಹಾಡುಗಳನ್ನು ಸಂಗ್ರಹಿಸಿದರು. ಅವರಿಲ್ಲದಿದ್ದರೆ ಎಷ್ಟೋ ಕಾವ್ಯಗಳು ಹಾಡುಗಾರರೊಡನೆಯೇ ಮಣ್ಣಾಗುತ್ತಿದ್ದವು. ಆದರೂ ತಂಬೂರಿಯ ಪದ ವಿಶ್ವವಿದ್ಯಾನಿಲಯವನ್ನು ಸೇರಿದ್ದು ಸಾಹಿತ್ಯದ ಬಾಗಿಲಿನಿಂದ. ಮಾತು ಅಚ್ಚಾಯಿತು, ಪದವಿಗೆ ವಸ್ತುವಾಯಿತು; ರಾಗ ಹಾಡುಗಾರನ ಗಂಟಲಿನಲ್ಲೇ ಉಳಿಯಿತು. ಅವನು ‘ಮಾಹಿತಿದಾರ’ನಾದನು, ಗುರುವಾಗಲಿಲ್ಲ.

ಬೇರೆ ರೀತಿ ಸಾಧ್ಯವಿರಲಿಲ್ಲವೆ? ಸಾಧ್ಯವಿತ್ತು. ಅದೇ 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ನೃತ್ಯ ವಿಭಾಗಕ್ಕೆ ಮೊದಲ ರೀಡರಾಗಿ ಬಂದವರು ವೆಂಕಟಲಕ್ಷಮ್ಮನವರು. ಲಂಬಾಣಿ ತಾಂಡಾದಲ್ಲಿ ಹುಟ್ಟಿ, ಜಟ್ಟಿ ತಾಯಮ್ಮನವರ ಬಳಿ ಕಲಿತು, ಆಸ್ಥಾನ ನರ್ತಕಿಯಾಗಿದ್ದ ಈ ತಾಯಿಗೆ ಗುರುಮನೆಯ ವಿದ್ಯೆಯೇ ಅರ್ಹತೆಯಾಯಿತು. ನೃತ್ಯಕ್ಕೆ ತೆರೆದ ಬಾಗಿಲು ತಂಬೂರಿಗೆ ಏಕೆ ತೆರೆಯಬಾರದು? ವೆಂಕಟಲಕ್ಷಮ್ಮನವರ ಬೆನ್ನಿಗೆ ಅರಮನೆಯಿತ್ತು, ನೀಲಗಾರನ ಬೆನ್ನಿಗೆ ಜೋಳಿಗೆ ಮಾತ್ರ ಎಂಬುದಲ್ಲದೆ ಬೇರೆ ಉತ್ತರ ತೋರುವುದಿಲ್ಲ.

ಮಠದ ದೀಕ್ಷೆ, ಚಿಕ್ಕಲ್ಲೂರಿನ ಜಾತ್ರೆ, ಊರ ಭಿಕ್ಷೆ ಇವುಗಳಿಂದ ಕಿತ್ತು ತಂದರೆ ಹಾಡು ಬಾಡೀತು ಎಂಬ ಆಕ್ಷೇಪಣೆಯುಂಟು. ಇದು ತೂಕದ ಮಾತೇ. ಆದರೆ ದೇವರ ಮುಂದೆ ಹಾಡುತ್ತಿದ್ದ ಕೀರ್ತನೆಗಳು ಸಭಾಂಗಣಕ್ಕೂ ತರಗತಿಗೂ ಬಂದು ಬಾಡಲಿಲ್ಲ. ನೀಲಗಾರ ಗುರು ವರ್ಷದ ಕೆಲವು ತಿಂಗಳು ಬಂದು, ಸಂಬಳ ಪಡೆದು, ವೀಣೆಯ ವಿದ್ಯಾರ್ಥಿಗೂ ತನ್ನ ಹಟ್ಟಿಯ ಹುಡುಗನಿಗೂ ಕಲಿಸಿದರೆ ಜಾತ್ರೆಗೆ ಕೊರತೆಯೇನೂ ಆಗದು.

ಬಾಲ್ಯದಲ್ಲಿ ‘ಗಾನೇವಾಲಿ’ ಎಂಬ ಹೀಯಾಳಿಕೆ ಕೇಳಿ ಬೆಳೆದ ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿ 2009ರ ಶಾಸನದಂತೆ ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾನಿಲಯವಾಯಿತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾನಿಲಯ. ಎರಡೂ ಸಂತೋಷದ ಸಂಗತಿಗಳೇ. ಆದರೆ ಒಂದಕ್ಕೆ ಸಂಗೀತವೆಂದೂ ಇನ್ನೊಂದಕ್ಕೆ ಜಾನಪದವೆಂದೂ ಹೆಸರಿಟ್ಟ ಗೆರೆಯಲ್ಲಿ ಹಳೆಯ ಗೋಡೆಯ ನೆರಳು ಇನ್ನೂ ಕಾಣುತ್ತದೆ.

ನೀಲಗಾರರ ಕಥೆಯಲ್ಲಿ ಮಂಟೇಸ್ವಾಮಿ ಕುಷ್ಠರೋಗಿಯ ವೇಷದಲ್ಲಿ, ಸತ್ತ ಕರುವನ್ನು ಹೊತ್ತು ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಕಾವಲಿನವರು ತಡೆಯುತ್ತಾರೆ, ಬಸವಣ್ಣ ಬಂದವನು ಯಾರೆಂದು ಅರಿತು ಒಳಗೆ ಕರೆದೊಯ್ಯುತ್ತಾನೆ. ನಮ್ಮ ವಿದ್ಯಾಪೀಠಗಳು ಈ ಸಾಲನ್ನು ಪಠ್ಯದಲ್ಲಿ ಓದಿಸಿದ್ದಾರಾಯಿತು. ಅದನ್ನು ಹಾಡುವವನನ್ನು ಒಳಗೆ ಕರೆದು ಗುರುಪೀಠದಲ್ಲಿ ಕೂರಿಸುವ ಕೆಲಸ ಉಳಿದಿದೆ.