ಚೌಪಾಟಿಯ ಕಾಲೇಜಿನ ಮೊದಲ ವಿದ್ಯಾರ್ಥಿಗಳು

ಗಿರಗಾಂವ್ ಚೌಪಾಟಿಯ ಎದುರಿನ ವಿಲ್ಸನ್ ಕಾಲೇಜನ್ನು ಬಸ್ಸಿನ ಕಿಟಕಿಯಿಂದಾದರೂ ನೀವು ನೋಡಿರುತ್ತೀರಿ. ಆ ಕಲ್ಲಿನ ಕಟ್ಟಡ 1889ರದು. ಆದರೆ ಕಾಲೇಜಿನ ಬೇರು, ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ 1832ರಲ್ಲಿ ಗಿರಗಾಂವದಲ್ಲಿ ತೆರೆದ ಪುಟ್ಟ ಇಂಗ್ಲಿಷ್ ಶಾಲೆಯಲ್ಲಿದೆ.

ಅಲ್ಲಿ ಹಿಂದೂ, ಪಾರ್ಸಿ ಹುಡುಗರು ಒಟ್ಟಿಗೆ ಓದುತ್ತಿದ್ದರು. ಅಬಿಸೀನಿಯಾದಿಂದ, ಅಂದರೆ ಇಂದಿನ ಇಥಿಯೋಪಿಯಾದಿಂದ, ಗಬ್ರು ಮತ್ತು ಮರೀಚಾ ಎಂಬ ಅಣ್ಣತಮ್ಮಂದಿರೂ ವಿಲ್ಸನ್ನರ ಬಳಿ ಕಲಿಯಲು ಬಂದಿದ್ದರು. ಬಂದರಿನ ಊರಲ್ಲವೇ, ಯಾರು ಬರುವುದಿಲ್ಲ!

1839ರಲ್ಲಿ ಧನಜೀಭಾಯಿ ನವರೋಜಿ, ಹೋರ್ಮಸ್‌ಜೀ ಪೆಸ್ತನ್‌ಜೀ ಎಂಬ ಇಬ್ಬರು ಪಾರ್ಸಿ ವಿದ್ಯಾರ್ಥಿಗಳು ಕ್ರೈಸ್ತರಾದರು. ವಿಷಯ ಕೋರ್ಟಿನ ಮೆಟ್ಟಿಲೇರಿತು. ತಂದೆತಾಯಂದಿರು ಮಕ್ಕಳನ್ನು ಶಾಲೆ ಬಿಡಿಸಿದರು, ತರಗತಿಗಳು ಬಣಗುಟ್ಟಿದವು. ಅವರ ಸಿಟ್ಟನ್ನು ಬರೀ ಸಂಕುಚಿತ ಬುದ್ಧಿ ಎಂದು ತಳ್ಳಿಹಾಕಲಾರೆ. ಎಲ್ಲರಿಗೂ ತೆರೆದಿದ್ದ ಆ ಬಾಗಿಲಿನ ಹಿಂದೆ ಮತಪ್ರಚಾರದ ಉದ್ದೇಶವೂ ಇತ್ತು.

1843ರಲ್ಲಿ ಮತ್ತೊಂದು ಪ್ರಕರಣ. ಮಿಷನರಿಗಳ ಆಶ್ರಯದಲ್ಲಿದ್ದ ಶ್ರೀಪತಿ ಶೇಷಾದ್ರಿ ಎಂಬ ಬ್ರಾಹ್ಮಣ ಹುಡುಗನನ್ನು ಕೋರ್ಟು ತಂದೆಯ ವಶಕ್ಕೆ ಕೊಟ್ಟಿತು. ಈಗ ಸ್ವಜಾತಿಯ ಬಾಗಿಲೇ ಮುಚ್ಚಿತು! ಅವನಿಗೆ ಪ್ರಾಯಶ್ಚಿತ್ತ ಮಾಡಿಸಿ ಮರಳಿ ಸೇರಿಸಿಕೊಳ್ಳಬೇಕೆಂದು ಹೋರಾಡಿದವರು ‘ದರ್ಪಣ’ ಪತ್ರಿಕೆಯ ಬಾಳಶಾಸ್ತ್ರಿ ಜಾಂಭೇಕರರು. ಅದಕ್ಕಾಗಿ ಸ್ವಜನರ ಬೈಗುಳವನ್ನೂ ಅವರು ಕೇಳಬೇಕಾಯಿತು.