ನೀರು ಕುಡಿಯದ ಪ್ರಯಾಣ

ನಮ್ಮ ಗುರುವಾಯನಕೆರೆಯಿಂದ ಬೆಂಗಳೂರಿಗೆ ಅಂದ್ರೆ ಚಾರ್ಮಾಡಿ ಘಾಟಿ ಹತ್ತುವ ರಾತ್ರಿ ಬಸ್ಸು. ಹೊರಡುವ ದಿನ ಅಮ್ಮ ಮಧ್ಯಾಹ್ನದಿಂದಲೇ ನೀರು ಕುಡಿಯೋದು ನಿಲ್ಲಿಸುತ್ತಿದ್ದಳು. ಬಸ್ಸಲ್ಲಿ ಶೌಚಾಲಯ ಇಲ್ಲ, ಡ್ರೈವರಿಗೆ ನಿಲ್ಸಿ ಅನ್ನೋಕೆ ಸಂಕೋಚ. ಹೆಂಗಸರ ಪ್ರಯಾಣದ ತಯಾರಿ ಅಂದ್ರೆ ಅದೇ.

ಆಕಾಶದ ದಾರಿ ನಿಧಾನಕ್ಕೆ ಬೆಳೆಯಿತು. 1951ರಲ್ಲಿ ನೆಹರೂ ಡಿಸಿ-3 ವಿಮಾನದಲ್ಲಿ ಬಂದಿಳಿದು ಬಜ್ಪೆ ನಿಲ್ದಾಣ ಶುರುವಾಯ್ತು. ಅಲ್ಲಿಂದ ನೇರ ದುಬೈಗೆ ಹಾರಲು 2006ರ ತನಕ ಕಾಯಬೇಕಾಯಿತು. 2021ರ ಜನವರಿಯಲ್ಲಿ ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದ ಮಹಿಳಾ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವ ದಾಟಿ ಬೆಂಗಳೂರಿಗೆ ಬಂತು. ಸುಮಾರು 14,000 ಕಿಲೋಮೀಟರ್, ಎಲ್ಲೂ ಇಳಿಯದೆ.

ತಂಗಿಯ ಬಾಣಂತನಕ್ಕೆ ಅಮ್ಮ ಹೋದದ್ದೂ ಅಂಥದೇ ನೇರ ವಿಮಾನದಲ್ಲಿ. ಹೊರಗೆ ನೋಡಲಿ ಅಂತ ಕಿಟಕಿ ಸೀಟು ಹಿಡಿದುಕೊಟ್ಟವನು ನಾನೇ. ಪಕ್ಕದವರನ್ನು ಏಳಿಸೋಕೆ ನಾಚಿಕೆ. ನೀರು ಮುಟ್ಟಲಿಲ್ಲ, ಎದ್ದು ಓಡಾಡಲಿಲ್ಲ. ಇಳಿದಾಗ ಪಾದ ಊದಿ ಚಪ್ಪಲಿಯೊಳಗೆ ಹೋಗಲಿಲ್ಲ. ವಿಮಾನದೊಳಗಿನ ಗಾಳಿ ತುಂಬ ಒಣ. ಗಂಟೆಗಟ್ಟಲೆ ಕಾಲು ಅಲುಗದಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ಊತದಲ್ಲೇ ಮುಗಿದದ್ದು ಪುಣ್ಯ. ದಾರಿ ಬದಲಾಗಿತ್ತು, ಅಮ್ಮನ ಮೈ ಮಾತ್ರ ಇನ್ನೂ ಚಾರ್ಮಾಡಿ ಬಸ್ಸಲ್ಲೇ ಕೂತಿತ್ತು.

ವಾಪಸ್ ಬರುವಾಗ ಓಡಾಡುವ ದಾರಿ ಬದಿಯ ಸೀಟು ಹಿಡಿದೆ. 'ಆಗಾಗ ನೀರು ಕುಡಿ, ಎರಡು ಗಂಟೆಗೊಮ್ಮೆ ಏಳು, ಕೂತಲ್ಲೇ ಪಾದ ಆಡಿಸು' ಅಂತ ಫೋನಲ್ಲಿ ಹೇಳಿದೆ. ಬಂದವಳೇ ಅಂದಳು: "ಆರು ಸಲ ಎದ್ದೆ ಮಾರಾಯ, ಯಾರೂ ಏನೂ ಹೇಳ್ಲಿಲ್ಲ!"