ಶಸ್ತ್ರವೈದ್ಯದಲ್ಲಿ ವಿದ್ಯುದ್ದಹನವೂ ಅದರ ನಿಗ್ರಹೋಪಾಯಗಳೂ

ಸುಶ್ರುತಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯವು ಅಗ್ನಿಕರ್ಮವಿಧಿಗೆ ಮೀಸಲಾದುದು. ಪಿಪ್ಪಲಿ, ಗೋದಂತ, ಶಲಾಕೆ, ಜೇನು, ಬೆಲ್ಲ ಮುಂತಾದ ದಹನೋಪಕರಣಗಳನ್ನು ಹೇಳಿದ ಆಚಾರ್ಯನು ಅಷ್ಟಕ್ಕೇ ನಿಲ್ಲದೆ, ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ದಗ್ಧವನ್ನು ನಾಲ್ಕಾಗಿ ವಿಭಾಗಿಸಿ, ತಪ್ಪಿ ಸುಟ್ಟುದಕ್ಕೆ ಚಿಕಿತ್ಸೆಯನ್ನೂ ಅಲ್ಲಿಯೇ ವಿಧಿಸಿದ್ದಾನೆ. ಇದರಿಂದ ಪ್ರಾಚೀನರು ವಿದ್ಯುಚ್ಛಸ್ತ್ರವನ್ನೂ ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಶಾಸ್ತ್ರಕ್ಕೆ ಮಾಡುವ ಅಪಚಾರವೇ ಸರಿ. ಆದರೆ ದಹನವನ್ನು ಕೈಕೊಂಡವನು ಅಸ್ಥಾನದಹನದ ಚಿಂತೆಯನ್ನೂ ಹೊರಬೇಕೆಂಬ ಆ ಕ್ರಮವು, ಐರೋಪ್ಯ ಮತ್ತು ಅಮೆರಿಕದ ವಿದ್ಯುದ್ದಹನದ ಚರಿತ್ರೆಯನ್ನು ಅಳೆಯಲು ತಕ್ಕ ಮಾನದಂಡವಾಗಿದೆ.

ಮಂದವಾಗಿ ಆಂದೋಲಿಸುವ ವಿದ್ಯುತ್ಪ್ರವಾಹವು ಮಾಂಸಪೇಶಿಗಳನ್ನು ಸೆಳೆಯಿಸುವುದು, ಹೃದಯವನ್ನೂ ಕೆಡಿಸಬಲ್ಲುದು. ಆಂದೋಲನವು ಸೆಕೆಂಡಿಗೆ 10,000ವನ್ನು ಮೀರಿದರೆ ಆ ಸೆಳೆತವು ಅಡಗಿ ತಾಪವೊಂದೇ ಉಳಿಯುವುದೆಂದು ಫ್ರಾನ್ಸಿನ ದಾರ್ಸೊನ್ವಾಲನು 1891ರಲ್ಲಿ ತೋರಿಸಿದನು. ಈ ತತ್ತ್ವವನ್ನು ಆಶ್ರಯಿಸಿ ಹಾರ್ವರ್ಡಿನ ವಿಲಿಯಂ ಬೋವಿಯು ಯಂತ್ರವೊಂದನ್ನು ನಿರ್ಮಿಸಿದನು. ಬಾಸ್ಟನ್ ನಗರದಲ್ಲಿ 1926ನೆಯ ಅಕ್ಟೋಬರ್ 1ರಂದು ಹಾರ್ವಿ ಕುಷಿಂಗನು, ಕೆಲವು ದಿನಗಳ ಹಿಂದೆ ರಕ್ತಸ್ರಾವಕ್ಕೆ ಅಂಜಿ ಅರ್ಧದಲ್ಲಿ ಬಿಟ್ಟಿದ್ದ ತಲೆಯ ಗೆಡ್ಡೆಯೊಂದನ್ನು ಆ ಯಂತ್ರದ ನೆರವಿನಿಂದ ತೆಗೆದನು. ಅವಿಚ್ಛಿನ್ನವಾದ ಪ್ರವಾಹವು ಛೇದಿಸುವುದು. ಬಿಟ್ಟುಬಿಟ್ಟು ಬರುವ ಪ್ರವಾಹವು ರಕ್ತವನ್ನು ಹೆಪ್ಪುಗಟ್ಟಿಸುವುದು. ಆದರೆ ಆ ಶಕ್ತಿಯು ಪ್ರಯೋಕ್ತೃವನ್ನೂ ಬಿಡಲಿಲ್ಲ. ಒಮ್ಮೆ ಅದು ಲೋಹದ ಉಪಕರಣವೊಂದರ ಮೂಲಕ ಕುಷಿಂಗನ ತೋಳನ್ನು ಹೊಕ್ಕು, ಅವನ ತಲೆದೀಪದ ತಂತಿಯಿಂದ ಹೊರಬಿದ್ದಿತೆಂದು ಅವನೇ ಬರೆದಿಟ್ಟಿದ್ದಾನೆ.

ಇಲ್ಲಿಯ ರಹಸ್ಯವು ಕ್ಷೇತ್ರಪ್ರಮಾಣದಲ್ಲಿದೆ. ಶಸ್ತ್ರದ ಮೊನೆಯಲ್ಲಿ ಹೊಕ್ಕ ಪ್ರವಾಹವೇ ರೋಗಿಯ ತೊಡೆಗೋ ಬೆನ್ನಿಗೋ ಅಂಟಿಸಿದ ಅಗಲವಾದ ಫಲಕದಿಂದ ಹೊರಡುವುದು. ಮೊನೆಯಲ್ಲಿ ಸಾಂದ್ರವಾಗಿ ಸುಡುವುದು, ಫಲಕದಲ್ಲಿ ಹರಡಿ ನಿರುಪದ್ರವವಾಗುವುದು. ಫಲಕವು ಸಡಿಲಿದರೆ ಅದೇ ಎರಡನೆಯ ಶಸ್ತ್ರ! ಅರಿವಳಿಕೆಯಲ್ಲಿರುವ ರೋಗಿಯಾದರೋ ಕೂಗಿಕೊಳ್ಳಲಾರನು.

ಮೊದಲಿನ ಯಂತ್ರಗಳಲ್ಲಿ ಪ್ರವಾಹಕ್ಕೆ ನೆಲವೇ ಆಶ್ರಯ. ಆದುದರಿಂದ ಫಲಕದ ಸಂಬಂಧ ಕೆಟ್ಟಾಗ ಅದು ಮೇಜಿನ ಲೋಹವನ್ನೋ ಹೃದಯಲೇಖನದ ಬಿಲ್ಲೆಯನ್ನೋ ಹಿಡಿದು ನೆಲವನ್ನು ಸೇರುತ್ತ, ಆ ಕಿರಿದಾದ ಸ್ಥಾನದಲ್ಲಿ ಚರ್ಮವನ್ನು ಸುಡುತ್ತಿತ್ತು. ಸುಮಾರು 1970ರ ಹೊತ್ತಿಗೆ ಬಂದ ಟ್ರಾನ್ಸಿಸ್ಟರ್ ಯಂತ್ರಗಳಲ್ಲಿ ರೋಗಿಯ ಮಂಡಲವನ್ನು ನೆಲದಿಂದ ಬೇರ್ಪಡಿಸಲಾಯಿತು; ಪ್ರವಾಹವು ಹೊರಟ ಯಂತ್ರಕ್ಕೇ ಮರಳಬೇಕು, ಮರಳದಿದ್ದರೆ ಹರಿಯಕೂಡದು. ಉಪಾಯವು ಉತ್ತಮವೇ, ಆದರೂ ಅರ್ಧ ಕಳಚಿದ ಫಲಕದ ಕೆಳಗಣ ದಾಹಕ್ಕೆ ಅದು ಪರಿಹಾರವಾಗಲಿಲ್ಲ.

1981ರಲ್ಲಿ ಅಮೆರಿಕದ ವ್ಯಾಲಿಲ್ಯಾಬ್ ಸಂಸ್ಥೆಯು ತಂದ ಯುಕ್ತಿಯು ಈ ಚರಿತ್ರೆಯಲ್ಲಿ ಅತ್ಯಂತ ಸುಂದರವಾದುದು. ಫಲಕವನ್ನು ಎರಡು ಹೋಳಾಗಿಸಿ, ಹೋಳುಗಳ ನಡುವೆ ರೋಗಿಯ ಚರ್ಮದ ಮೂಲಕ ಅಲ್ಪವಾದ ಪರೀಕ್ಷಾಪ್ರವಾಹವನ್ನು ಹರಿಯಿಸಿ ಪ್ರತಿರೋಧವನ್ನು ಎಡೆಬಿಡದೆ ಅಳೆಯಲಾಗುವುದು. ಅದು 5ರಿಂದ 135 ಓಮ್‌ಗಳ ಎಲ್ಲೆಯನ್ನು ದಾಟಿದೊಡನೆ ಯಂತ್ರವು ಧ್ವನಿಗೈದು ತಾನಾಗಿಯೇ ಶಕ್ತಿಯನ್ನು ತಡೆಹಿಡಿಯುವುದು. ರೋಗಿಯು ಆಡಲಾರದ ಮಾತನ್ನು ಫಲಕವು ಆಡುವುದೆನ್ನಬಹುದು.

ಆದರೆ ಈ ಕಾವಲು ನಿರ್ಗಮದ್ವಾರಕ್ಕೆ ಮಾತ್ರ. ಉದರದರ್ಶಕದ ಶಸ್ತ್ರಕ್ರಿಯೆಯಲ್ಲಿ ಉದ್ದನೆಯ ಉಪಕರಣದ ಹೊದಿಕೆಯು ದೃಷ್ಟಿಗೆ ಬೀಳದೆಡೆಯಲ್ಲಿ ಬಿರಿದು ಕರುಳನ್ನು ಸುಟ್ಟರೆ, ಪ್ರವಾಹವು ಫಲಕಕ್ಕೇ ಸೇರುವುದರಿಂದ ಅದು ಏನನ್ನೂ ಅರಿಯದು. ಇದಕ್ಕಾಗಿ ಹೊದಿಕೆಯೊಳಗೆ ಮತ್ತೊಂದು ಲೋಹಕವಚವನ್ನಿಟ್ಟು, ಸೋರಿದ ಪ್ರವಾಹವನ್ನು ಅದರಿಂದಲೇ ಯಂತ್ರಕ್ಕೆ ಮರಳಿಸಿ, ಸೋರಿಕೆ ಮಿತಿಮೀರಿದಾಗ ಶಕ್ತಿಯನ್ನು ಕಡಿದುಹಾಕುವ ಪ್ರತ್ಯೇಕ ವ್ಯವಸ್ಥೆಯು ಮುಂದೆ ರೂಢಿಗೆ ಬಂದಿತು.